ಪೇಸ್ಟ್ ಹಚ್ಚಿ, ಬಿಸಿ ಅಳೆದ ವರ್ಷಗಳು

ನಮ್ಮ ಅತ್ತೆ ಬಸವೇಶ್ವರನಗರದ ನಮ್ಮ ಬೀದಿಯವರಿಗೆಲ್ಲ, ಸೊಸೆ ಟೂತ್‌ಪೇಸ್ಟ್ ಕಂಪನಿಯಲ್ಲಿದ್ದಾಳೆ ಅಂತ ಹೇಳಿಬಿಟ್ಟಿದ್ದರು. ತಪ್ಪು ಅವರದಲ್ಲ. ಮದುವೆಯಾದ ಹೊಸದರಲ್ಲಿ ಏನು ಕೆಲಸ ಅಂತ ಕೇಳಿದಾಗ, "ಪೇಸ್ಟ್ ಟೆಸ್ಟ್ ಮಾಡ್ತೀನಿ ಅತ್ತೆ" ಅಂದು ಸುಮ್ಮನಾಗಿದ್ದೆ. ಒಂದು ಬೆಳಿಗ್ಗೆ ಎದುರುಮನೆ ಆಂಟಿ ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ಸುಮಿತ್ರಾ, ನಿಮ್ಮ ಕಂಪನಿ ಪೇಸ್ಟು ಒಸಡಿಗೆ ಒಳ್ಳೇದಂತಾ? ನಮ್ಮನೆಯವರಿಗೆ ರಕ್ತ ಬರುತ್ತೆ."

"ಅಯ್ಯೋ, ಅದನ್ನ ಬಾಯಿಗೆ ಹಾಕ್ಕೊಂಡ್ರೆ ಆಸ್ಪತ್ರೆಗೆ ಓಡ್ಬೇಕಾಗುತ್ತೆ ಆಂಟಿ. ಅದು ಕಂಪ್ಯೂಟರಿಗೆ ಹಚ್ಚೋದು."

"ಕಂಪ್ಯೂಟರಿಗೆ ಯಾಕಮ್ಮಾ ಪೇಸ್ಟು?"

ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿಯೇ ನನ್ನ ಅರ್ಧ ಆಯಸ್ಸು ಕಳೆಯಿತು. ನಮ್ಮ ಪುಟ್ಟ ಕಾರ್ಖಾನೆಯ ಟೆಸ್ಟಿಂಗ್ ಬೆಂಚಿಗೆ ಈಗ ಸೇರುತ್ತಿರುವ ಹೆಣ್ಣುಮಕ್ಕಳು ನಾನು ಸಿಕ್ಕಾಗೆಲ್ಲ ಹಳೇದು ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಎಲ್ಲೆಲ್ಲಿಗೋ ಹೋಗಿಬಿಡುತ್ತೇನೆ ಅಂತ ಬರೆಯಲು ಕೂತೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಬೆಂಚಿನ ಮುಖ್ಯಸ್ಥೆ ಆದೆ ಅನ್ನುವುದರಿಂದ ನಿಮಗೆ ಉಪಯೋಗವಿಲ್ಲ. ಎಲ್ಲಿ ಎಡವಿದೆ ಅನ್ನುವುದರಿಂದ ಇರಬಹುದು.

ಆಂಟಿಗೆ ಅವತ್ತು ಹೇಳಿದ್ದನ್ನೇ ಮೊದಲು ಹೇಳುತ್ತೇನೆ. ಕಂಪ್ಯೂಟರಿನ ಪ್ರೊಸೆಸರ್ ಕೆಲಸ ಮಾಡುವಾಗ ಕಾಯುತ್ತದೆ. ಆ ಬಿಸಿಯನ್ನು ಎಳೆದುಕೊಳ್ಳಲು ಅದರ ಮೇಲೆ ಲೋಹದ ಗಟ್ಟಿ ಕೂರಿಸಿ, ಅದಕ್ಕೊಂದು ಪುಟ್ಟ ಫ್ಯಾನ್ ಹಾಕಿರುತ್ತಾರೆ. ಎರಡೂ ಕನ್ನಡಿಯ ಹಾಗೆ ನುಣುಪಾಗಿ ಕಾಣುತ್ತವೆ. ಆದರೆ ಕಣ್ಣಿಗೆ ಕಾಣದ ತಗ್ಗುದಿಣ್ಣೆ ಇದ್ದೇ ಇರುತ್ತದೆ. ಆ ತಗ್ಗುಗಳಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಅದಕ್ಕೆ ನಡುವೆ ತೆಳ್ಳಗೆ ಪೇಸ್ಟ್ ಹಚ್ಚಬೇಕು. ಕಡಿಮೆಯಾದರೆ ಗಾಳಿ ಉಳಿಯುತ್ತದೆ, ಜಾಸ್ತಿಯಾದರೆ ಪೇಸ್ಟೇ ಕಂಬಳಿಯಾಗುತ್ತದೆ. ಯಾವ ಪೇಸ್ಟ್ ಹಚ್ಚಿದರೆ ಪ್ರೊಸೆಸರ್ ಎಷ್ಟು ತಣ್ಣಗಿರುತ್ತದೆ ಅಂತ ನಮ್ಮದನ್ನೂ ಬೇರೆಯವರದನ್ನೂ ಹೋಲಿಸಿ ನೋಡುವುದು ನನ್ನ ಕೆಲಸ.

ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಶೆಡ್ ಇತ್ತು. ಒಂದು ಕಡೆ ಸ್ಪ್ರಿಂಗ್ ಮಾಡುವವರು, ಇನ್ನೊಂದು ಕಡೆ ಊದುಬತ್ತಿ ಪ್ಯಾಕ್ ಮಾಡುವವರು. ಹಾಗಾಗಿ ನಮ್ಮ ಬಟ್ಟೆಗೆ ಸದಾ ಮಲ್ಲಿಗೆಯ ವಾಸನೆ, ಕಿವಿಗೆ ಸದಾ ಲೋಹದ ಸದ್ದು. ಸೈನ್ಸ್ ಪಿಯುಸಿ ಮುಗಿಸಿದ್ದ ನಾನು ಮೊದಲು ಸೇರಿದ್ದು ಟ್ಯೂಬ್ ಪ್ಯಾಕ್ ಮಾಡುವ ಮೇಜಿಗೆ. ಆಗ ನಮ್ಮ ಬಿಳಿ ಪೇಸ್ಟ್ ರೇಡಿಯೋ, ಟೀವಿ ರಿಪೇರಿಯವರಿಗೆ ಹೋಗುತ್ತಿತ್ತು. ಕಂಪ್ಯೂಟರ್ ಜೋಡಿಸುವ ಅಂಗಡಿಗಳು ಹೆಚ್ಚಾದ ಮೇಲೆ ಮಾಲೀಕ ವರದರಾಜು ಪ್ರೊಸೆಸರಿಗೆ ಅಂತಲೇ ಬೂದು ಬಣ್ಣದ ಪೇಸ್ಟ್ ಶುರು ಮಾಡಿದರು. ಅದನ್ನು ಅಳೆಯಲು ಶ್ರೀಕಂಠಯ್ಯನವರನ್ನು ಕರೆತಂದರು, ಅವರು ಒಬ್ಬ ಸಹಾಯಕಿ ಬೇಕು ಅಂದರು, ಪ್ಯಾಕಿಂಗ್ ಮೇಜಿನಲ್ಲಿ ವಿಪರೀತ ಪ್ರಶ್ನೆ ಕೇಳುತ್ತಿದ್ದವಳು ನಾನೊಬ್ಬಳೇ.

ಶ್ರೀಕಂಠಯ್ಯ ಒಂದು ದೊಡ್ಡ ಟೆಲಿಫೋನ್ ಕಾರ್ಖಾನೆಯಲ್ಲಿ ನಿವೃತ್ತರಾಗಿ ಬಂದವರು. ಬಡಕಲು ಶರೀರ, ಏಪ್ರಿಲ್‌ನಲ್ಲೂ ಮೈಮೇಲೆ ತೋಳಿಲ್ಲದ ಸ್ವೆಟರ್. ಬಯ್ಯುತ್ತಿರಲಿಲ್ಲ. ತಪ್ಪು ಕಂಡರೆ ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿಕೊಳ್ಳುತ್ತಿದ್ದರು. ಅಷ್ಟಕ್ಕೇ ನಾನು ಬರೆದದ್ದನ್ನೆಲ್ಲ ಮೊದಲಿಂದ ನೋಡಲು ಕೂರುತ್ತಿದ್ದೆ.

ಆಗ ನಮ್ಮ ಹತ್ತಿರ ಇದ್ದದ್ದು ಹೀಟರ್ ಹಾಕಿದ ಒಂದು ತಾಮ್ರದ ಗಟ್ಟಿ, ಬಿಸಿ ಅಳೆಯುವ ಎರಡು ತಂತಿ, ಒಂದು ಮೀಟರು. ಪೇಸ್ಟ್ ಹಚ್ಚು, ಮೇಲೆ ಲೋಹ ಕೂರಿಸು, ಹೀಟರ್ ಹಾಕು, ಹತ್ತು ನಿಮಿಷಕ್ಕೊಮ್ಮೆ ಓದಿ ಬರಿ. ಆಮೇಲೆ ಬಿಚ್ಚಿ, ಸ್ಪಿರಿಟ್‌ನಲ್ಲಿ ಒರೆಸಿ, ಇನ್ನೊಂದು ಪೇಸ್ಟ್. ಒರೆಸುವುದಕ್ಕೆ ಅವರದೊಂದು ಶಿಸ್ತಿತ್ತು. ಮೂರು ಬಟ್ಟೆ. ಮೂರನೆಯದರ ಮೇಲೆ ಒಂದು ಬೂದು ಗೆರೆ ಬಿದ್ದರೂ ಮತ್ತೆ ಮೊದಲಿಂದ.

ಸೇರಿದ ಎರಡನೇ ವಾರದಲ್ಲಿ ನನ್ನ ಮೊದಲ ಎಡವಟ್ಟು. ಬೆಳಿಗ್ಗೆ ನೋಡಿದ ಪೇಸ್ಟಿಗಿಂತ ಮಧ್ಯಾಹ್ನ ನೋಡಿದ್ದು ನಾಲ್ಕು ಡಿಗ್ರಿ ತಣ್ಣಗೆ ಬಂತು. ಹಿಗ್ಗಿ ಹೋಗಿ ಅವರಿಗೆ ತೋರಿಸಿದೆ. ಅವರು ಪುಸ್ತಕ ನೋಡಲಿಲ್ಲ, ತಲೆ ಎತ್ತಿ ಸೀಲಿಂಗ್ ನೋಡಿದರು.

"ಫ್ಯಾನ್ ಯಾವಾಗ ಹಾಕ್ದೆ ಮಗೂ?"

"ಊಟ ಆದ್ಮೇಲೆ ಸಾರ್. ಸೆಕೆ ಆಗ್ತಿತ್ತು."

"ಹಾಗಾದ್ರೆ ನೀನು ಅಳೆದಿದ್ದು ಫ್ಯಾನನ್ನ" ಅಂದು ಕನ್ನಡಕ ತೆಗೆದರು.

ಅವತ್ತಿನಿಂದ ಆ ಕೋಣೆಯಲ್ಲಿ ಫ್ಯಾನ್ ತಿರುಗಲಿಲ್ಲ. ಪ್ರತಿ ಸಾಲಿನ ಮೊದಲ ಕಾಲಂನಲ್ಲಿ ಕೋಣೆಯ ಬಿಸಿ ಎಷ್ಟು ಅಂತ ಬರೆಯುವುದು ಕಡ್ಡಾಯವಾಯಿತು. ಬೆವರಿಳಿಸಿಕೊಂಡು ಅಳೆದ ಆ ಬೇಸಿಗೆಗಳು, ಬೆಂಚಿನ ಕೊನೆಯಲ್ಲಿ ಶ್ರೀಕಂಠಯ್ಯನವರು ಇಡುತ್ತಿದ್ದ ಮಜ್ಜಿಗೆಯ ಸ್ಟೀಲ್ ಡಬ್ಬಿ, ಕರಿಬೇವು ಶುಂಠಿ ಹಾಕಿದ ಆ ಮಜ್ಜಿಗೆ. ಈಗ ಏಸಿ ಕೋಣೆಯಲ್ಲಿ ಕೆಲಸ ಮಾಡುವವರನ್ನು ಕಂಡರೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗುವುದಿಲ್ಲ. ನನಗೆ ಆ ಸೆಕೆಯೇ ಬೇಕು ಅನ್ನಿಸುತ್ತದೆ.

ಎರಡನೆಯ ಎಡವಟ್ಟು ಇನ್ನೂ ಸೂಕ್ಷ್ಮದ್ದು. ನಮ್ಮದೂ ಸೇರಿ ಆರು ಪೇಸ್ಟ್ ಹೋಲಿಸಬೇಕಿತ್ತು. ನಾನೇ ಪೂರ್ತಿ ಮಾಡಿದೆ. ನಮ್ಮದು ಮೊದಲನೆಯ ಸ್ಥಾನ. ಮರುದಿನ ಮತ್ತೆ ಮಾಡಿದೆ, ಮತ್ತೆ ಮೊದಲನೆಯದು. ವರದರಾಜು ಅವರಿಗೆ ಖುಷಿಯೋ ಖುಷಿ. ಶೆಡ್ಡಿಗೆಲ್ಲ ನವರಂಗ್ ಟಾಕೀಸಿನ ಕಡೆಯ ಅಂಗಡಿಯಿಂದ ಮೈಸೂರುಪಾಕು ತರಿಸಿದರು. ಶ್ರೀಕಂಠಯ್ಯ ಮಾತ್ರ ತಮ್ಮ ತುಂಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಮೂರನೆಯ ದಿನ ಆರು ಟ್ಯೂಬಿಗೂ ಬಿಳಿ ಕಾಗದ ಅಂಟಿಸಿ, ಮೇಲೆ ಬರೀ ಅಕ್ಷರ ಬರೆದು ಕೊಟ್ಟರು. ಬಣ್ಣದಿಂದ ಗುರುತು ಸಿಗಬಾರದು ಅಂತ ಬೂದು ಬಣ್ಣದವನ್ನೇ ಆರಿಸಿದ್ದರು. ಸಂಜೆ ಕಾಗದ ಕಿತ್ತು ನೋಡಿದರೆ ನಮ್ಮದು ನಾಲ್ಕನೆಯದು.

ನನಗೆ ಅಳುವೇ ಬಂತು. "ನಾನು ಸುಳ್ಳು ಬರೀಲಿಲ್ಲ ಸಾರ್. ಮೀಟರ್ ತೋರಿಸಿದ್ದನ್ನೇ ಬರೆದಿದ್ದು."

"ಗೊತ್ತು. ನಿನ್ನೆಯಿಂದ ನಿನ್ನ ಕೈ ನೋಡ್ತಾ ಇದೀನಿ. ನಮ್ಮ ಪೇಸ್ಟ್ ಹಾಕಿದಾಗ ಸ್ಕ್ರೂ ಅರ್ಧ ಸುತ್ತು ಜಾಸ್ತಿ ತಿರುಗಿಸ್ತೀಯ. ನಿಂಗೇ ಗೊತ್ತಿಲ್ಲ."

ಸ್ಕ್ರೂ ಬಿಗಿಯಾದಷ್ಟೂ ಪೇಸ್ಟ್ ತೆಳುವಾಗುತ್ತದೆ, ತಣ್ಣಗಾಗುತ್ತದೆ. ನನ್ನ ತಲೆ ನ್ಯಾಯವಾಗಿತ್ತು, ಕೈ ಕಂಪನಿಯ ಪಕ್ಷ ವಹಿಸಿತ್ತು. ಅದೇ ವಾರ ಶ್ರೀಕಂಠಯ್ಯ ನಿಗದಿಯಷ್ಟು ಬಿಗಿಯಾದ ಮೇಲೆ ಟಕ್ ಅಂತ ಜಾರುವ ಒಂದು ಸ್ಕ್ರೂಡ್ರೈವರ್ ತರಿಸಿದರು. ಮೈಸೂರುಪಾಕು ತಿಂದವರಿಗೆ ನಾನೇ ಹೋಗಿ ನಾಲ್ಕನೆಯ ಸ್ಥಾನ ಅಂತ ಹೇಳಿಬರಬೇಕಾಯಿತು. "ತಿಂದಾಯ್ತಲ್ಲ ಬಿಡು" ಅಂದರು ಎಲ್ಲರೂ.

ಶ್ರೀಕಂಠಯ್ಯನವರು ಕೆಲಸ ಬಿಟ್ಟ ಮೇಲೆ ಬೆಂಚು ನನಗೆ ಬಂತು. ಅಷ್ಟರಲ್ಲಿ ವಿಧಾನವೂ ಬದಲಾಗಿತ್ತು. ತಾಮ್ರದ ಗಟ್ಟಿಯ ಜಾಗಕ್ಕೆ ನಿಜವಾದ ಕಂಪ್ಯೂಟರ್‌ಗಳು ಬಂದವು. ಪ್ರೊಸೆಸರಿಗೆ ದೊಡ್ಡ ದೊಡ್ಡ ಲೆಕ್ಕ ಕೊಟ್ಟು ಬಿಟ್ಟರೆ ಸಾಫ್ಟ್‌ವೇರ್ ತಾನೇ ಬಿಸಿ ಬರೆದುಕೊಳ್ಳುತ್ತಿತ್ತು. ನಾನು ಮಾತ್ರ ಪುಸ್ತಕವನ್ನೂ ಬರೆಯುತ್ತಿದ್ದೆ.

ಪೇಸ್ಟ್ ಕಲಸುವ ಕೋಣೆಗೆ ನಾಗವೇಣಿ ಬಂದದ್ದು ಆ ದಿನಗಳಲ್ಲೇ. ಗದಗಿನ ಕಡೆಯವಳು. ಗಂಡನ ಜೊತೆ ಬಂದು ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿದ್ದಳು. ಓದಿದ್ದು ಹತ್ತನೆಯವರೆಗೆ. ಆದರೆ ಕಲಸುವ ಯಂತ್ರದಿಂದ ಬಂದ ಪೇಸ್ಟನ್ನು ಎರಡು ಬೆರಳಿನ ನಡುವೆ ಉಜ್ಜಿ, "ಇದು ಇನ್ನ ಒಂದ್ ತಾಸು ತಿರುಗ್ಲಿ" ಅಂದರೆ ಯಂತ್ರ ಇನ್ನೊಂದು ತಾಸು ತಿರುಗಲೇಬೇಕು. ಮಧ್ಯಾಹ್ನ ನನ್ನ ಚಪಾತಿಯ ಪಕ್ಕ ಅವಳ ರೊಟ್ಟಿ, ಶೇಂಗಾ ಚಟ್ನಿ. ನಾನು ಖಾರಕ್ಕೆ ಕಣ್ಣೀರು ಹಾಕಿದರೆ ಅವಳು ನಗುತ್ತಿದ್ದಳು. "ಬೆಂಗಳೂರು ಮಂದಿ ನಾಲಿಗಿಗೂ ಪೇಸ್ಟ್ ಹಚ್ಚಬೇಕ್ರೀ ಅಕ್ಕಾರ."

ಇನ್ನು ನಾನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದ ಪ್ರಸಂಗಕ್ಕೆ ಬರುತ್ತೇನೆ.

ಸಂಸ್ಥೆಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವ ಒಬ್ಬರು ನಮ್ಮ ಹೊಸ ಪೇಸ್ಟ್ ಕೇಳಿದರು. ನಮ್ಮಂಥ ಶೆಡ್ಡಿಗೆ ಅದು ಬಹಳ ದೊಡ್ಡ ಆರ್ಡರ್. ಬೇರೆ ಮೂರು ಪೇಸ್ಟ್‌ಗಳ ಜೊತೆ ಹೋಲಿಸಿದ ವರದಿ ಬೇಕು ಅಂದರು. ಹೋಲಿಸಿದೆ. ಟ್ಯೂಬುಗಳಿಗೆ ಕಾಗದ ಅಂಟಿಸಿಯೇ ಮಾಡಿದೆ. ನಮ್ಮದು ನಿಜವಾಗಿಯೂ ಮೊದಲು ಬಂತು. ಆದರೆ ಅದು ನಿಲ್ಲದೆ ಓಡಿಸಿದ ಪರೀಕ್ಷೆ. ಜನ ಕಂಪ್ಯೂಟರನ್ನು ಬೆಳಿಗ್ಗೆ ಹಾಕುತ್ತಾರೆ, ಸಂಜೆ ಆರಿಸುತ್ತಾರೆ. ಕಾಯುವಾಗ ಲೋಹ ಹಿಗ್ಗುತ್ತದೆ, ತಣಿಯುವಾಗ ಕುಗ್ಗುತ್ತದೆ. ದಿನಾ ಹಾಗಾದರೆ ಸಡಿಲ ಪೇಸ್ಟ್ ಮೆಲ್ಲಗೆ ಅಂಚಿಗೆ ಸರಿದು ನಡುವೆ ಒಣಗುತ್ತದೆ. ಅದನ್ನು ನೋಡಲು ಒಂದು ಕಂಪ್ಯೂಟರಿನಲ್ಲಿ ನಮ್ಮ ಪೇಸ್ಟ್ ಹಾಕಿ, ಮತ್ತೆ ಮತ್ತೆ ಹಾಕಿ ಆರಿಸುವ ಪರೀಕ್ಷೆಯನ್ನೂ ಶುರು ಮಾಡಿದ್ದೆ. ಎರಡು ತಿಂಗಳು ನಡೆಯಬೇಕಿತ್ತು.

ಒಂದು ವಾರ ಎಲ್ಲ ಸರಿಯಿತ್ತು. ಎಂಟನೆಯ ದಿನ ಕಾಲು ಡಿಗ್ರಿ ಏರಿತು. ಒಂಬತ್ತನೆಯ ದಿನ ಮತ್ತೆ ಕಾಲು. ಹತ್ತನೆಯ ದಿನ ನಾಗವೇಣಿ ಆ ಹೊಸ ಪೇಸ್ಟಿನ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದಳು.

"ಅಕ್ಕಾರ, ಇದರಾಗ ನೋಡ್ರಿ. ಮ್ಯಾಲ ಎಣ್ಣಿ ಬಿಡಾಕತ್ತೈತಿ. ಚಟ್ನಿ ಮ್ಯಾಲ ಎಣ್ಣಿ ತೇಲಿದಂಗ. ಇದು ಭಾಳ ದಿನ ನಿಲ್ಲೂದಿಲ್ರಿ."

ಅದೇ ಹೊತ್ತಿಗೆ ವರದರಾಜು ಬಂದರು. ಅವರು ಕೆಟ್ಟ ಮನುಷ್ಯರಲ್ಲ. ನಮ್ಮ ಜೊತೆ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದವರು. "ಸುಮಿತ್ರಾ, ಅವರು ಇವತ್ತೇ ವರದಿ ಕೇಳ್ತಿದಾರೆ. ನಾಳೆ ಅಂದ್ರೆ ಬೇರೆಯವರ ಹತ್ರ ಹೋಗ್ತಾರೆ. ಹತ್ತು ದಿನ ನೋಡಿದೀಯಲ್ಲ, ಸಾಲ್ದಾ? ಏರಿದ್ದೆಷ್ಟು?"

"ಅರ್ಧ ಡಿಗ್ರಿ ಸಾರ್."

"ಅರ್ಧ ಡಿಗ್ರಿಗೆ ಶೆಡ್ ಮುಚ್ಚೋಣ್ವಾ?"

ನಾಗವೇಣಿ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ನಾನು ಅವಳ ಮುಖ ನೋಡಲಿಲ್ಲ. ಪರೀಕ್ಷೆ ನಿಲ್ಲಿಸಿ, ನಿಲ್ಲದೆ ಓಡಿಸಿದ ಅಂಕಿಗಳನ್ನಷ್ಟೇ ಬರೆದು ಸಹಿ ಹಾಕಿದೆ. ಒಂದು ಅಂಕಿಯೂ ಸುಳ್ಳಲ್ಲ. ಅದನ್ನೇ ನನಗೆ ನಾನು ಹೇಳಿಕೊಂಡೆ.

ವರ್ಷ ತುಂಬುವುದರೊಳಗೆ ಕೆಂಗೇರಿಯ ಕಡೆಯಿಂದ ದೂರು ಬಂತು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಒಂದು ಕೇಂದ್ರ. ಅಲ್ಲಿನ ಕಂಪ್ಯೂಟರ್‌ಗಳು ಪರದೆಯಲ್ಲಿರುವುದನ್ನು ಓದಿ ಹೇಳುತ್ತವೆ. ಇಪ್ಪತ್ತನಾಲ್ಕು ಯಂತ್ರಗಳಲ್ಲಿ ಕೆಲವು ಮಧ್ಯೆ ಮಧ್ಯೆ ತಾವೇ ಆರುತ್ತವೆ ಅಂತ. ಜೋಡಿಸಿಕೊಟ್ಟವರು ನಮ್ಮ ಕಡೆ ಕೈ ತೋರಿಸಿದ್ದರು. ನಾನೂ ನಾಗವೇಣಿಯೂ ಸ್ಪಿರಿಟ್ ಬಾಟಲಿ, ಬಟ್ಟೆ, ಬಿಸಿ ಅಳೆಯುವ ಮೀಟರು ಹೊತ್ತು ಮೈಸೂರು ರಸ್ತೆಯ ಬಸ್ ಹತ್ತಿದೆವು.

ಕೇಂದ್ರದ ಮೇಷ್ಟ್ರು ಶಿವಣ್ಣ. ಅವರಿಗೂ ಹುಟ್ಟಿನಿಂದ ಕಣ್ಣು ಕಾಣದು. ಶೀಟ್ ಹೊದಿಸಿದ ಉದ್ದನೆಯ ಹಾಲ್, ಹೊರಗೆ ಸುಡುಬಿಸಿಲು. ಒಳಗೆ ಇಪ್ಪತ್ತನಾಲ್ಕೂ ಯಂತ್ರಗಳು ಒಟ್ಟಿಗೆ ಪಿಸುಗುಟ್ಟುತ್ತಿದ್ದವು. ನಾನು ಬಾಗಿಲಲ್ಲೇ, "ಧೂಳು ಜಾಸ್ತಿ ಕೂತ್ರೆ ಹೀಗಾಗುತ್ತೆ ಸಾರ್" ಅಂದೆ.

"ಧೂಳು ಪ್ರತಿ ಶನಿವಾರ ನಾವೇ ಊದ್ತೀವಿ ಮೇಡಂ. ಬನ್ನಿ, ಯಾವ್ಯಾವ್ದು ಅಂತ ತೋರಿಸ್ತೀನಿ."

ಮೇಜಿನ ಅಂಚಿಗೆ ಬೆರಳು ತಾಗಿಸಿಕೊಂಡು ಸಾಲಿನುದ್ದ ನಡೆದರು. ಪ್ರತಿ ಯಂತ್ರದ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು. "ಇದು. ಇದಲ್ಲ. ಇದೂ ಅಲ್ಲ. ಇದು ಜಾಸ್ತಿ." ನಾನು ಹಿಂದೆಯೇ ಮೀಟರ್ ಹಿಡಿದು ನೋಡುತ್ತಾ ಬಂದೆ. ಅವರು ಒಂಬತ್ತು ಹೇಳಿದರು. ಎಂಟು ನಿಜಕ್ಕೂ ಕಾದಿದ್ದವು. ಒಂದು ಮಾತ್ರ ಮೀಟರಿನಲ್ಲಿ ಚೆನ್ನಾಗಿಯೇ ಇತ್ತು.

"ಇದು ಸರಿಯಾಗಿದೆ ಸಾರ್."

"ಇಲ್ಲ ಮೇಡಂ. ಅದರ ಫ್ಯಾನ್ ಉಸಿರು ಬಿಗಿ ಹಿಡೀತಿದೆ. ಇನ್ನೊಂದು ಗಂಟೆ ಕೂತ್ಕೊಳಿ."

ಊಟದ ಹೊತ್ತಿಗೆ ಆ ಯಂತ್ರ ಆರಿಹೋಯಿತು. ಫ್ಯಾನಿನ ಸದ್ದು ಕೇಳುವುದನ್ನು ನಾನು ಕಲಿತದ್ದು ಅವರಿಂದ. ಪ್ರೊಸೆಸರಿನ ಬಿಸಿ ಹೊರಗೆ ತಿಳಿಯುವ ಮುಂಚೆಯೇ ಫ್ಯಾನು ಏರಿ ಇಳಿದು ಏರಿ ಇಳಿದು ತಡಕಾಡುತ್ತದೆ. ಮೀಟರು ಆಮೇಲೆ ಹೇಳುತ್ತದೆ. ನೀವೂ ಒಮ್ಮೆ ಕಣ್ಣು ಮುಚ್ಚಿ ಕೇಳಿ.

ಮೊದಲ ಯಂತ್ರ ಬಿಚ್ಚಿದೆವು. ನಮ್ಮ ಪೇಸ್ಟ್ ಅಂಚಿನಲ್ಲಿ ಗುಡ್ಡೆಯಾಗಿ, ನಡುವೆ ಸೀಮೆಸುಣ್ಣದ ಪುಡಿಯಂತೆ ಉದುರಿತು. ನಾಗವೇಣಿ ಬಟ್ಟೆ ತೆಗೆದು ಒರೆಸಲು ಶುರು ಮಾಡಿದಳು. ಮತ್ತೆ ಹಚ್ಚಲು ನಾವು ನಮ್ಮ ಹೊಸ ಪೇಸ್ಟ್ ಮುಟ್ಟಲಿಲ್ಲ. ಹೋಲಿಕೆಯಲ್ಲಿ ಎರಡನೆಯದಾಗಿ ಬಂದಿದ್ದ, ಬಹಳ ದಿನ ಬಾಳುತ್ತದೆ ಅಂತ ಹೆಸರಿದ್ದ ಬೇರೆಯವರ ಪೇಸ್ಟನ್ನೇ ತಂದಿದ್ದೆ. ನನ್ನ ಮನಸ್ಸಿಗೆ ಎಲ್ಲ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಮಂಜುಳಾ ಅಂತ, ನಂದಿನಿ ಲೇಔಟ್‌ನಿಂದ ದಿನಾ ಎರಡು ಬಸ್ ಬದಲಿಸಿ ಬರುತ್ತಿದ್ದವರು. ಮೂವತ್ತರ ಆಸುಪಾಸು.

"ಪರೀಕ್ಷೆ ದಿನ ನಂದು ಆರೋಯ್ತು ಮೇಡಂ" ಅಂದರು. ಜಗಳದ ದನಿಯಲ್ಲ, ಸಮಾಚಾರ ಹೇಳುವ ಹಾಗೆ. "ಟೈಪಿಂಗ್ ಪರೀಕ್ಷೆ ಇಲ್ಲೇ ನಡೀತು. ಅರ್ಧ ಪುಟ ಆಗಿತ್ತು. ಕಿವೀಲಿ ಓದ್ತಾ ಇದ್ದದ್ದು ಟಕ್ ಅಂತ ನಿಂತೋಯ್ತು. ನಾನು ಏನೋ ತಪ್ಪು ಕೀ ಒತ್ತಿಬಿಟ್ಟೆ ಅನ್ಕೊಂಡೆ. ಮತ್ತೆ ಹಾಕೋ ಹೊತ್ತಿಗೆ ಟೈಮ್ ಆಗೋಯ್ತು. ಇನ್ನು ಮುಂದಿನ ವರ್ಷವೇ."

ಅವರು ನನ್ನ ಕಡೆ ಮುಖ ತಿರುಗಿಸಿ ಕೇಳಿದರು, "ನಿಮ್ಗೆ ಮೊದಲೇ ಗೊತ್ತಾಗಲ್ವಾ ಮೇಡಂ, ಇದು ಹೀಗೆ ಒಣಗುತ್ತೆ ಅಂತ? ಟೆಸ್ಟ್ ಮಾಡ್ತೀರಲ್ಲ?"

ಗೊತ್ತಾಗಲ್ಲಮ್ಮ ಅನ್ನಬಹುದಿತ್ತು. ಶಿವಣ್ಣ ಮೇಷ್ಟ್ರು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು. ಆ ಹಾಲ್‌ನಲ್ಲಿ ನನ್ನ ದನಿಯಲ್ಲಿ ಸುಳ್ಳು ಅಡಗಿಸಲು ಜಾಗವೇ ಇಲ್ಲ ಅನ್ನಿಸಿತು.

"ಗೊತ್ತಾಗಿತ್ತು" ಅಂದೆ. "ಎಂಟನೇ ದಿನಾನೇ ಗೊತ್ತಾಗಿತ್ತು. ಪೂರ್ತಿ ನೋಡದೆ ನಿಲ್ಲಿಸಿ ಸಹಿ ಹಾಕ್ದೆ."

ಅವರು ಕೀಬೋರ್ಡಿನ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ, "ಹಾಗಾದ್ರೆ ನಾನು ತಪ್ಪು ಕೀ ಒತ್ಲಿಲ್ಲ" ಅಂದರು. ಅಷ್ಟೇ. ಅದಕ್ಕಿಂತ ಅವರು ಬೈದಿದ್ದರೆ ವಾಸಿಯಿತ್ತು.

ಆರದೆ ಇದ್ದವನ್ನೂ ಸೇರಿಸಿ ಇಪ್ಪತ್ತನಾಲ್ಕನ್ನೂ ಬಿಚ್ಚಿ ಹೊಸದಾಗಿ ಹಚ್ಚಿದೆವು. ಎರಡು ದಿನ ಹಿಡಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾಗವೇಣಿ ಮೊದಲ ಸಲ ಆ ಡಬ್ಬಿಯ ವಿಷಯ ಎತ್ತಿದಳು. "ನಾ ಅವತ್ತ ಜೋರಾಗಿ ಹೇಳಬೇಕಿತ್ರಿ ಅಕ್ಕಾರ."

"ನೀನು ಸರಿಯಾಗೇ ಹೇಳಿದ್ದೆ ಕಣೇ. ನಾನು ಕೇಳಿಸಿಕೊಂಡಿದ್ದೆ."

ಮರುದಿನ ವರದರಾಜು ಅವರ ಮುಂದೆ ನಿಂತು, ಈ ಪೇಸ್ಟ್ ಹೋದ ಕಡೆಯೆಲ್ಲ ಹೇಳಬೇಕು, ವಾಪಸ್ ತೆಗೆದುಕೊಳ್ಳಬೇಕು ಅಂದೆ. ಅವರು ಕೂಗಾಡಿದರು. ಒಂದು ಕೇಂದ್ರದ ದೂರಿಗೆ ಎಲ್ಲರ ಮುಂದೆ ಬಟ್ಟೆ ಬಿಚ್ಚಬೇಕಾ ಅಂದರು. ನಾನು ಎಂಟನೆಯ, ಒಂಬತ್ತನೆಯ, ಹತ್ತನೆಯ ದಿನದ ಪುಟಗಳನ್ನು ಅವರ ಮೇಜಿನ ಮೇಲೆ ತೆರೆದಿಟ್ಟು ಬಂದೆ. ಎರಡು ದಿನ ಅವರು ಊಟಕ್ಕೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಬಂದು, "ನಡಿ, ನಾನೂ ಬರ್ತೀನಿ. ಹೇಳೋದಿದ್ರೆ ನಾನೇ ಹೇಳ್ಬೇಕು" ಅಂದರು. ಕಂಪ್ಯೂಟರ್ ಜೋಡಿಸಿಕೊಡುವ ಆ ಗ್ರಾಹಕರು ಕೈ ತಪ್ಪಿದರು. ಪ್ಯಾಕಿಂಗ್ ಮೇಜಿನವರು ಅರ್ಧಕ್ಕರ್ಧ ಕಡಿಮೆಯಾದರು. ಹಳೆಯ ಬಿಳಿ ಪೇಸ್ಟೇ ಒಂದಷ್ಟು ಕಾಲ ನಮ್ಮನ್ನು ಸಾಕಿತು.

ಮುಂದಿನ ಇಡೀ ವರ್ಷ ನಾನೂ ನಾಗವೇಣಿಯೂ ಪೇಸ್ಟನ್ನು ಹೊಸದಾಗಿ ಮಾಡಿದೆವು. ಬೇರೆ ಎಣ್ಣೆ, ಪುಡಿ ಇನ್ನೂ ನುಣ್ಣಗೆ, ಕಲಸುವುದು ನಿಧಾನ. ಅವಳು ಉಜ್ಜಿ ನೋಡಿ ಸರಿ ಅಂದದ್ದನ್ನು ನಾನು ಬೆಂಚಿಗೆ ಹಾಕುತ್ತಿದ್ದೆ. ಅವಳು ಬೇಡ ಅಂದದ್ದನ್ನೂ ಹಾಕುತ್ತಿದ್ದೆ, ಅವಳ ಬೆರಳು ಎಷ್ಟು ಸರಿ ಅಂತ ತಿಳಿಯಲು. ಬಹುತೇಕ ಸಲ ಸರಿಯಿರುತ್ತಿತ್ತು. ಎರಡು ತಿಂಗಳ ಪರೀಕ್ಷೆಯನ್ನು ಯಾರು ಬಂದು ಕೇಳಿದರೂ ಮಧ್ಯೆ ನಿಲ್ಲಿಸಬಾರದು ಅಂತ ವರದರಾಜು ಅವರೇ ಗೋಡೆಗೆ ಬರೆಸಿದರು. ನನ್ನ ಕೆಲಸದ ದಿನಗಳಲ್ಲೆಲ್ಲ ಯಾವುದಾದರೂ ಒಂದು ವರ್ಷ ವಾಪಸ್ ಕೊಡುತ್ತೇವೆ ಅಂದರೆ ನಾನು ಕೇಳುವುದು ಅದನ್ನೇ. ಖಾಲಿ ಶೆಡ್, ನಾವಿಬ್ಬರು, ಸಾಲಾಗಿ ಇಪ್ಪತ್ತು ಡಬ್ಬಿ, ಪಕ್ಕದವರ ಮಲ್ಲಿಗೆ ವಾಸನೆ.

ಮಂಜುಳಾ ಮುಂದಿನ ವರ್ಷ ಪಾಸಾದರು, ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು ಅಂತ ಶಿವಣ್ಣ ಮೇಷ್ಟ್ರು ಫೋನ್ ಮಾಡಿ ಹೇಳಿದರು. ಸಂತೋಷವಾಯಿತು. ಆದರೆ ಅದರಲ್ಲಿ ನನ್ನ ಪಾಲೇನೂ ಇಲ್ಲ. ನನ್ನ ಪಾಲು ಹಾಳಾದ ಆ ಒಂದು ವರ್ಷದಲ್ಲಿದೆ.

ಈಚಿನ ವರ್ಷಗಳಲ್ಲಿ ಪೇಸ್ಟ್ ಹೋಲಿಸುವುದು ಮೊಬೈಲಿನಲ್ಲಿ ನೋಡುವ ಆಟವಾಗಿದೆ. ವಿಜಯನಗರದ ಒಬ್ಬ ತರುಣ ಹನ್ನೆರಡು ಪೇಸ್ಟ್ ಹೋಲಿಸಿ ವಿಡಿಯೋ ಹಾಕಿದ್ದ. ನಮ್ಮದು ಒಂಬತ್ತನೆಯದು. ಕಾಳಿನಷ್ಟು ಚುಕ್ಕೆ ಇಡಬೇಕೋ, ಗುಣಿಸುವ ಚಿಹ್ನೆಯಂತೆ ಗೆರೆ ಎಳೆಯಬೇಕೋ ಅಂತ ಕೆಳಗೆ ನೂರಾರು ಜನ "ಮಗಾ, ಗುರು" ಅಂತ ಕಿತ್ತಾಡುತ್ತಿದ್ದರು. ಅವನ ಹಿಂದಿನ ಕಿಟಕಿಯಲ್ಲಿ ಬೆಳಿಗ್ಗೆಯ ಬಿಸಿಲು ಮಧ್ಯಾಹ್ನದ್ದಾಗುವುದು ಕಾಣುತ್ತಿತ್ತು. "ಕೋಣೆಯ ಬಿಸಿ ಅಳೆದಿರಾ?" ಅಂತ ನಾನೂ ಒಂದು ಸಾಲು ಬರೆದೆ. "ಆಂಟಿ, ಯಾರು ನೀವು?" ಅಂತ ಉತ್ತರ ಬಂತು. ಎರಡು ವಾರದ ಮೇಲೆ ಅವನು ಕೋಣೆಯ ಬಿಸಿ ಕಳೆದು ಮತ್ತೆ ಮಾಡಿದ್ದ. ನಮ್ಮದು ಆರನೆಯದಾಯಿತು. ಮೂರು ಸ್ಥಾನ ಏರಿದ್ದಕ್ಕೆ ನಾಗವೇಣಿ ಪೇಢಾ ಹಂಚಿದಳು.

ಅಷ್ಟರಲ್ಲಿ ನಾಗವೇಣಿಯನ್ನು ನನ್ನ ಬೆಂಚಿಗೆ ಕರೆಸಿಕೊಂಡು ಕೆಲವು ವರ್ಷಗಳಾಗಿದ್ದವು. ಸಾಫ್ಟ್‌ವೇರ್, ವರದಿ ಬರೆಯುವುದು ಎಲ್ಲ ಕಲಿತಿದ್ದಳು.

ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ವರದರಾಜು ಅವರು ಬೇರೆಯವರ ಹೊಸ ಪೇಸ್ಟ್ ಒಂದನ್ನು ತಂದು, ನಮ್ಮದರ ಜೊತೆ ಹೋಲಿಸು ಅಂದರು. ಮಾಡಿದೆ. ಹೊಸದು ಮೂರು ಡಿಗ್ರಿ ಹೆಚ್ಚು ಬಿಸಿ. ನಮ್ಮದೇ ವಾಸಿ ಅಂತ ವರದಿ ಬರೆದು, ಸಹಿ ಹಾಕಿ, ಇದೇ ನನ್ನ ಕೊನೆಯ ವರದಿ ಅಂದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ. ನಾಗವೇಣಿ ಅದನ್ನು ಎರಡು ಸಲ ಓದಿದಳು.

"ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ. ಈ ಪೇಸ್ಟ್ ಬೆರಳಿಗೆ ಭಾಳ ಚಲೋ ಐತಿ. ಮೂರು ಡಿಗ್ರಿ ಹಿಂದ ಬೀಳೂದಲ್ಲ ಇದು. ಬಿಚ್ಚಿ ನೋಡೂಣಂತ."

"ಎಷ್ಟು ವರ್ಷದಿಂದ ಹಚ್ತಾ ಇದೀನಿ ನಾನು?" ಅಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ಅವಳು ಸ್ಕ್ರೂ ಬಿಚ್ಚಿ, ಲೋಹದ ಗಟ್ಟಿಯನ್ನು ನೇರವಾಗಿ ಎತ್ತಿ, ಬೆಳಕಿಗೆ ಹಿಡಿದಳು. ಪೇಸ್ಟ್ ಎಡಗಡೆ ತೆಳ್ಳಗೆ, ಬಲಗಡೆ ದಪ್ಪಗೆ ಕೂತಿತ್ತು. ಬಲಗಡೆ ಅಲೆಅಲೆಯಾದ ಗೆರೆಗಳು. ನನ್ನ ಬಲಗೈ ನೋಡಿಕೊಂಡೆ. ಬೆಳಿಗ್ಗೆ ಕಾಫಿ ಲೋಟ ಹಿಡಿಯುವಾಗ ಅದು ನಡುಗುವುದನ್ನು ಕೆಲವು ತಿಂಗಳಿಂದ ಕಂಡಿದ್ದೆ. ವಯಸ್ಸು ಅಂತ ಬಿಟ್ಟಿದ್ದೆ. ಬೆಂಚಿಗೂ ಅದು ನನ್ನ ಹಿಂದೆಯೇ ಬಂದಿದೆ ಅಂತ ತಿಳಿದಿರಲಿಲ್ಲ.

ನಾಗವೇಣಿ ಆ ಗಟ್ಟಿಯನ್ನು ಬೇಗ ಕೆಳಗಿಟ್ಟಳು, ನಾನು ನೋಡಬಾರದು ಅನ್ನುವ ಹಾಗೆ. ನಾನೇ ಅದನ್ನು ತೆಗೆದುಕೊಂಡೆ. ಸ್ಪಿರಿಟ್ ಹಾಕಿ ಮೂರು ಬಟ್ಟೆಯಲ್ಲಿ ಒರೆಸಿದೆ. ನಿಧಾನವಾಗಿ ಒರೆಸಿದೆ, ಆ ಬೆಂಚಿನಲ್ಲಿ ಒರೆಸುವುದು ಇನ್ನು ಬಹಳ ಸಲ ಇಲ್ಲ ಅಂತ ತಿಳಿದು. ಆಮೇಲೆ ನನ್ನ ವರದಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿ, ಕುರ್ಚಿ ಬಿಟ್ಟೆದ್ದೆ.

"ಬಾ, ನೀನು ಕೂತ್ಕೋ. ಮೊದಲಿಂದ ಮಾಡೋಣ."

"ನೀವ ಇರ್ರಿ ಅಕ್ಕಾರ..."

"ಕೂತ್ಕೋ ಕಣೇ."

ಅವಳು ಕೂತಳು. ಟ್ಯೂಬ್ ಒತ್ತಿ, ಒಂದೇ ಸಮನೆ ಹಚ್ಚಿದಳು. ನಾನು ಎದುರಿನ ಸ್ಟೂಲಿನ ಮೇಲೆ ಕೂತು, ಹತ್ತು ನಿಮಿಷಕ್ಕೊಮ್ಮೆ ಪರದೆ ನೋಡಿ ಅಂಕಿಗಳನ್ನು ಓದಿ ಹೇಳಿದೆ. ಅವಳು ಬರೆದುಕೊಂಡಳು. ಸಂಜೆಯ ಹೊತ್ತಿಗೆ ಹೊಸ ಪೇಸ್ಟ್ ನಮ್ಮದಕ್ಕಿಂತ ಎರಡು ಡಿಗ್ರಿ ತಣ್ಣಗೆ ನಿಂತಿತು. ವರದಿಯ ಕೆಳಗೆ ಸಹಿಯ ಜಾಗ ಬಂದಾಗ ಪೆನ್ನನ್ನು ನನ್ನ ಕಡೆ ಚಾಚಿದಳು. ನಾನು ಬೇಡ ಅಂತ ತಲೆಯಾಡಿಸಿದೆ. ಆಗ ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡು, ತನ್ನ ಪೂರ್ತಿ ಹೆಸರನ್ನು ಬಿಡಿಬಿಡಿ ಅಕ್ಷರಗಳಲ್ಲಿ ಬರೆದಳು.